ಗೋಡೆ ಒಣಗಿದ ಮೇಲೆ: ಗ್ರಾಮ ಲೆಕ್ಕಿಗನೊಬ್ಬನ ಅನುಭವ

2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ನದಿಯ ದಂಡೆಯ ತಗ್ಗಿನ ಊರುಗಳು ಮುಳುಗಿದವು. ಅವುಗಳಲ್ಲಿ ಒಂದು ಊರು ಕಾರವಾರ ತಾಲೂಕಿನ ನನ್ನ ವೃತ್ತಕ್ಕೆ ಸೇರಿತ್ತು. ನೀರು ಇಳಿದ ಮೇಲೆ ಇಂಜಿನಿಯರ್ ಹಾಗೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರೊಂದಿಗೆ ಮನೆಮನೆಗೆ ಹೋಗಿ, ಪಂಚರ, ಅಂದರೆ ಊರಿನ ಸಾಕ್ಷಿಗಳ, ಎದುರು ಮಹಜರು (ಸ್ಥಳ ಪರಿಶೀಲನೆಯ ವರದಿ) ಬರೆದು, ಹಾನಿ ಶೇಕಡಾ ಎಷ್ಟು ಎಂದು ನಮೂದಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಶೇ. 75ಕ್ಕಿಂತ ಹೆಚ್ಚಿದ್ದರೆ ‘ಎ’ ವರ್ಗ, ಪರಿಹಾರ 5 ಲಕ್ಷ ರೂಪಾಯಿ, ಶೇ. 15ರಿಂದ 25ರ ಒಳಗಿದ್ದರೆ ‘ಸಿ’ ವರ್ಗ, 50,000 ರೂಪಾಯಿ. ಒಂದು ಕುಟುಂಬ ಮನೆ ಕಟ್ಟಿಕೊಳ್ಳುತ್ತದೆಯೋ ಹಂಚು ಮಾತ್ರ ಹೊದಿಸಿಕೊಳ್ಳುತ್ತದೆಯೋ ಎಂಬುದು ನಾವು ಬರೆಯುವ ಆ ಒಂದು ಅಂಕಿಯ ಮೇಲೆ ನಿಂತಿತ್ತು.

ಆ ವರ್ಷ ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ, ಒಣಹಾಕಿದ್ದ ಚಾಪೆ, ಕಂಬಳಿಗಳ ನಡುವೆಯೇ ಧ್ವಜ ಹಾರಿಸಿದೆವು. ಭಾಷಣ ಮುಗಿದ ಕೂಡಲೇ ಊರಿನ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, ತಮ್ಮ ಕೊಟ್ಟಿಗೆಯನ್ನು ವಾಸದ ಮನೆಯೆಂದು ಬರೆಯಲು ಕೇಳಿದರು. “ತಮಾ, ಸರ್ಕಾರದ ದುಡ್ಡು, ನಿನ್ನ ಮನೆಯದಲ್ಲವಲ್ಲ” ಎಂದರು. ನಾನು ಬರೆಯಲಿಲ್ಲ, ಅವರು ನಾಲ್ಕು ತಿಂಗಳು ಮಾತು ಬಿಟ್ಟರು. ಇದನ್ನು ದೊಡ್ಡ ಸಾಹಸವೆಂದು ಹೇಳಿಕೊಳ್ಳಲು ನನಗೆ ನಾಚಿಕೆ. ಇಲ್ಲ ಎನ್ನುವುದು ಅಷ್ಟು ಕಷ್ಟದ ಕೆಲಸವಲ್ಲ, ಏಕೆಂದರೆ ನಿಯಮ ನಮ್ಮ ಬೆನ್ನಿಗಿರುತ್ತದೆ.

ಕಷ್ಟವಾದದ್ದು ಬೇರೆ. ನದಿಗೆ ಹತ್ತಿರವಿದ್ದ ಅಜ್ಜಿಯೊಬ್ಬರ ಮನೆಯ ಗೋಡೆಗಳು ಮಣ್ಣಿನವು. ನೀರು ಇಳಿದ ಮೂರನೇ ದಿನ ನಾವು ನೋಡಿದಾಗ ಗೋಡೆಗಳು ನೆಟ್ಟಗೆ ನಿಂತಿದ್ದವು. ಹಿಂಬದಿಯ ಒಂದು ಮೂಲೆ ಮಾತ್ರ ಕುಸಿದಿತ್ತು. ‘ಸಿ’ ಎಂದು ಬರೆದು ಸಹಿ ಮಾಡಿದೆ. ಸಿಮೆಂಟಿನಲ್ಲಿ ಕಟ್ಟಿದ ಚಿರೆಕಲ್ಲಿನ ಗೋಡೆ ನೆನೆದರೂ ತಡೆದುಕೊಳ್ಳುತ್ತದೆ. ಮಣ್ಣಿನ ಗೋಡೆ ಹಾಗಲ್ಲ, ಬುಡ ನೀರುಂಡು ಮೆತ್ತಗಾಗಿರುತ್ತದೆ, ಬಿಸಿಲು ಬಿದ್ದು ಒಣಗತೊಡಗಿದಾಗ ಬಿರುಕು ಬಿಟ್ಟು ಮಾಡಿನ ಭಾರಕ್ಕೆ ಕೂರುತ್ತದೆ. ಮಣ್ಣಿನ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿಯದ ವಿಷಯವೇನಲ್ಲ. ಆ ದಿನದೊಳಗೆ ಮುಗಿಸಬೇಕಿದ್ದ ಮನೆಗಳ ಪಟ್ಟಿಯ ಮೇಲೆಯೇ ಕಣ್ಣಿತ್ತು. ಹನ್ನೊಂದನೇ ದಿನ ಆ ಮನೆಯ ಎರಡು ಗೋಡೆಗಳು ಬಿದ್ದವು. ಅಜ್ಜಿ ಹೊರಗೆ ಮಲಗಿದ್ದರಿಂದ ಉಳಿದರು. ನನ್ನನ್ನು ಕಂಡು ಬೈಯಲಿಲ್ಲ. “ಶಾನಭೋಗರೇ, ನೀವು ಬರೆದ ದಿನ ಗೋಡೆ ಇತ್ತಲ್ಲ” ಎಂದರು.

ಕಚೇರಿಯಲ್ಲಿ ಸಿಕ್ಕ ಸಲಹೆ, ಇದನ್ನು ಹೊಸ ಮಳೆಯ ಹಾನಿ ಎಂದು ತೋರಿಸಿ ಬೇರೆ ಮಹಜರು ಮಾಡು, ಹಳೆಯದನ್ನು ಕೆದಕಬೇಡ ಎಂಬುದಾಗಿತ್ತು. ಅಜ್ಜಿಗೂ ಹಣ ಬರುತ್ತಿತ್ತು, ನನ್ನ ಸಹಿಯೂ ಉಳಿಯುತ್ತಿತ್ತು. ಆದರೆ ಆ ನಡುವೆ ಮಳೆಯೇ ಬಿದ್ದಿರಲಿಲ್ಲ. ಒಂದು ರಾತ್ರಿ ಯೋಚಿಸಿ, ಮೊದಲ ವರದಿಯಲ್ಲಿ ಗೋಡೆಯ ಬುಡ ಪರೀಕ್ಷಿಸದೆ ನಮೂದಿಸಿದ್ದು ನನ್ನ ತಪ್ಪು, ಮರುಪರಿಶೀಲನೆಗೆ ಅನುಮತಿ ಕೊಡಬೇಕು ಎಂದು ತಹಶೀಲ್ದಾರರಿಗೆ ಬರೆದುಕೊಟ್ಟೆ. ಮನೆ ‘ಎ’ ವರ್ಗಕ್ಕೆ ಬಂತು. ನನಗೆ ಕಾರಣ ಕೇಳಿ ನೋಟಿಸೂ ಬಂತು. ಅದೂ ಸರಿಯಾದುದೇ.

ಸರ್ಕಾರಿ ನೌಕರನ ಪ್ರಾಮಾಣಿಕತೆಯ ಮಾತು ಹೊಸದೇನಲ್ಲ. 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ದೆಹಲಿಯ ಮೆಟ್ಕಾಫ್ ಹೌಸ್‌ನಲ್ಲಿ ಐಎಎಸ್ ತರಬೇತಿಯವರಿಗೆ ನಿಷ್ಪಕ್ಷಪಾತ ಹಾಗೂ ಪ್ರಾಮಾಣಿಕತೆಯ ಮಾತು ಹೇಳಿದರು. ಅದೇ ದಿನವನ್ನು ಈಗ ನಾಗರಿಕ ಸೇವಾ ದಿನವೆಂದು ಆಚರಿಸುತ್ತಾರೆ. 2007ರ ಸಾರ್ವಜನಿಕ ಸೇವೆಗಳ ಕರಡು ಮಸೂದೆ ನೌಕರನ ಮೌಲ್ಯಗಳಲ್ಲಿ ದೇಶಪ್ರೇಮವನ್ನೇ ಮೊದಲು ಬರೆದಿತ್ತು, ಆದರೆ ಅದು ಕಾಯ್ದೆಯಾಗಲಿಲ್ಲ. ನಮಗೆ ಅನ್ವಯಿಸುತ್ತಿದ್ದ 1966ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳ 3ನೇ ನಿಯಮ ಕೇಳುತ್ತಿದ್ದದ್ದು ಪ್ರಾಮಾಣಿಕತೆ, ಕರ್ತವ್ಯನಿಷ್ಠೆ, ನೌಕರನಿಗೆ ತಕ್ಕ ನಡತೆ. ನೋಟಿಸಿಗೆ ಉತ್ತರ ಬರೆಯುವಾಗ ಆ ನಿಯಮವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು.

ಅಂದಿನಿಂದ ಮಣ್ಣಿನ ಗೋಡೆಯ ಮನೆಯಾದರೆ ಮೊದಲು ಬುಡಕ್ಕೆ ಕಬ್ಬಿಣದ ಸರಳು ಚುಚ್ಚಿ ನೋಡುತ್ತೇನೆ. ಹತ್ತು ದಿನ ಬಿಟ್ಟು ಮತ್ತೆ ಬರುವ ದಿನಾಂಕವನ್ನು ಮಹಜರಿನಲ್ಲೇ ಬರೆದು, ಅದರ ಕೆಳಗೆ ಪಂಚರ ಸಹಿ ಪಡೆಯುತ್ತೇನೆ.