ಗುಂಪಾಗಿ ಆನ್‌ಲೈನ್‌ನಲ್ಲಿ ಕೆಲಸ ಮಾಡ್ತೀರಾ? ಮೊದಲು ಫೈಲ್ ಯಾರದು ಅಂತ ತೀರ್ಮಾನ ಮಾಡಿಕೊಳ್ಳಿ

ಯಾವ ಆ್ಯಪ್ ಒಳ್ಳೆಯದು ಅಂತ ಎಲ್ಲರೂ ಚರ್ಚೆ ಮಾಡುತ್ತಾರೆ. ಫೈಲ್ ಯಾರ ಹೆಸರಲ್ಲಿರಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲೇ.

ಗೂಗಲ್ ಡ್ರೈವ್‌ ತಗೊಳ್ಳಿ. ಸಾಮಾನ್ಯ ಖಾತೆಯಲ್ಲಿ ಫೈಲ್ ಮಾಡಿದವರೇ ಅದರ ಮಾಲೀಕರು, ಅದನ್ನು ಬೇರೆಯವರ ಫೋಲ್ಡರ್‌ನಲ್ಲಿ ಇಟ್ಟರೂ ಅಷ್ಟೇ. ನಾಳೆ ಅವರು ಗುಂಪು ಬಿಟ್ಟು ಹೋಗಿ ಖಾತೆ ಅಳಿಸಿದರೆ ಫೈಲೂ ಹೋಯಿತು. ಜಾಗದ ಲೆಕ್ಕವೂ ಅವರದೇ ತಲೆಗೆ: ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಜಿಮೇಲ್, ಫೋಟೋ ಎಲ್ಲಾ ಸೇರಿರುತ್ತದೆ. ಅದಕ್ಕೇ ಮುಖ್ಯ ಫೈಲುಗಳನ್ನು ಕೊನೆತನಕ ಇರುವವರ ಖಾತೆಯಲ್ಲೇ ಶುರು ಮಾಡಿ. ಸಂಸ್ಥೆಯ ಖಾತೆ ಇದ್ದರೆ 'ಶೇರ್ಡ್ ಡ್ರೈವ್' ಸಿಗುತ್ತದಾ ನೋಡಿ, ಅಲ್ಲಿ ಫೈಲ್ ಸಂಸ್ಥೆಯದಾಗಿರುತ್ತದೆ, ಯಾರು ಹೋದರೂ ಅದು ಉಳಿಯುತ್ತದೆ.

ಆಮೇಲೆ ಅನುಮತಿ. ವ್ಯೂವರ್ ಬರೀ ನೋಡಬಹುದು, ಕಾಮೆಂಟರ್ ಟಿಪ್ಪಣಿ ಬರೆಯಬಹುದು, ಎಡಿಟರ್ ಬದಲಾಯಿಸಬಹುದು. ಸುಮ್ನೆ ಎಲ್ಲರನ್ನೂ ಎಡಿಟರ್ ಮಾಡಿಬಿಡಬೇಡಿ, ಯಾಕಂದ್ರೆ ಎಡಿಟರ್ ಆದವರು ಇನ್ನೊಬ್ಬರಿಗೂ ಫೈಲ್ ಹಂಚಬಹುದು, ಅದು ಬೇಡ ಅಂದರೆ ಶೇರ್ ಸೆಟ್ಟಿಂಗ್‌ನಲ್ಲಿ ನೀವೇ ಆಫ್ ಮಾಡಬೇಕು. 'ಲಿಂಕ್ ಇರುವ ಯಾರಾದರೂ' ಅನ್ನುವ ಆಯ್ಕೆ ಸುಲಭ ನಿಜ, ಆದರೆ ಆ ಲಿಂಕ್ ಯಾರೋ ಒಬ್ಬರು ಫಾರ್ವರ್ಡ್ ಮಾಡಿದರೆ ಮುಗೀತು. ಫೋನ್ ನಂಬರ್, ಹಣದ ಲೆಕ್ಕ ಇರುವ ಫೈಲನ್ನು ಹೀಗೆ ತೆರೆದಿಡಲೇಬೇಡಿ, ಒಬ್ಬೊಬ್ಬರ ಇಮೇಲ್ ಹಾಕಿಯೇ ಕೊಡಿ.

ಇನ್ನು ಕೆಲಸದ ಹೊತ್ತಿಗೆ ಬರೋಣ. ಚಾಟ್‌ನಲ್ಲಿ 'ಮೂರನೇ ಪ್ಯಾರಾ ಸರಿ ಇಲ್ಲ' ಅಂತ ಹಾಕಿದರೆ ಸಂಜೆಯೊಳಗೆ ಅದು ನೂರು ಮೆಸೇಜ್ ಕೆಳಗೆ ಹೂತುಹೋಗಿರುತ್ತದೆ, ಅಲ್ವಾ? ಆ ಪ್ಯಾರಾವನ್ನೇ ಸೆಲೆಕ್ಟ್ ಮಾಡಿ ಅಲ್ಲೇ ಕಾಮೆಂಟ್ ಹಾಕಿ, @ ಒತ್ತಿ ಇಮೇಲ್ ಸೇರಿಸಿದರೆ ಅವರಿಗೆ ಸೂಚನೆ ಹೋಗುತ್ತದೆ. ಗೂಗಲ್ ಡಾಕ್ಸ್‌ನಲ್ಲಿ (ಬರಹದ ಫೈಲುಗಳಲ್ಲಿ) ಬೇರೆಯವರು ಬರೆದದ್ದನ್ನು ತಿದ್ದುವಾಗ 'ಸಜೆಸ್ಟಿಂಗ್' ಮೋಡ್‌ಗೆ ಹೋಗಿ. ನಿಮ್ಮ ತಿದ್ದುಪಡಿ ಬೇರೆ ಬಣ್ಣದಲ್ಲಿ ಕಾಣುತ್ತದೆ, ಒಪ್ಪುವುದು ಬಿಡುವುದು ಬರೆದವರಿಗೆ ಬಿಟ್ಟದ್ದು. ಅರ್ಧ ಜಗಳ ಇಷ್ಟಕ್ಕೇ ತಪ್ಪುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ (ಲೆಕ್ಕದ ಕೋಷ್ಟಕಗಳಲ್ಲಿ) ಬೇಕಾದ ಸಾಲುಗಳಷ್ಟೇ ಕಾಣಲಿ ಅಂತ ಒಬ್ಬರು ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಸಾಲುಗಳು ಮಾಯ! ಇದಕ್ಕೆ 'ಫಿಲ್ಟರ್ ವ್ಯೂ' ಬಳಸಿ, ನಿಮ್ಮ ಫಿಲ್ಟರ್ ನಿಮಗಷ್ಟೇ. ಲೆಕ್ಕದ ಸೂತ್ರ ಇರುವ ಸೆಲ್‌ಗಳನ್ನು ಬೇರೆಯವರು ಬದಲಾಯಿಸದಂತೆ ಪ್ರೊಟೆಕ್ಟ್ ಮಾಡಿಡಿ.

ಯಾರೋ ಎಲ್ಲಾ ಅಳಿಸಿಬಿಟ್ಟರು ಅಂತ ಗಾಬರಿ ಬೇಡ. ಫೈಲ್ ಮೆನುವಿನ 'ವರ್ಷನ್ ಹಿಸ್ಟರಿ'ಯಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಅಂತ ಕಾಣುತ್ತದೆ, ಹಳೆಯದಕ್ಕೆ ವಾಪಸ್ ಹೋಗಬಹುದು. ದೊಡ್ಡ ಬದಲಾವಣೆಗೆ ಮುಂಚೆ ಆಗಿನ ಆವೃತ್ತಿಗೊಂದು ಹೆಸರು ಕೊಟ್ಟಿಟ್ಟರೆ ಹುಡುಕುವ ಕಷ್ಟವೂ ಇಲ್ಲ.

ಗೂಗಲ್ ಬೇಡ ಅನ್ನುವವರಿಗೂ ದಾರಿ ಇದೆ. ಖಾತೆ ಮಾಡಿಕೊಳ್ಳದೆ ಒಟ್ಟಿಗೆ ಬರೆಯಲು ಈಥರ್‌ಪ್ಯಾಡ್, ಸರ್ವರ್ ನಡೆಸುವವರಿಗೂ ಓದಲಾಗದಂತೆ ಗೂಢಲಿಪಿಯಲ್ಲಿಡಲು ಕ್ರಿಪ್ಟ್‌ಪ್ಯಾಡ್, ಸ್ವಂತ ಸರ್ವರ್ ಇದ್ದರೆ ನೆಕ್ಸ್ಟ್‌ಕ್ಲೌಡ್. ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ. ಎರಡು ಕಡೆ ಇಟ್ಟರೆ ಎರಡೂ ಹಳೆಯದಾಗುತ್ತದೆ.

ಕೆಲಸ ಮುಗಿದ ಮೇಲೆ ಶೇರ್ ಪಟ್ಟಿ ತೆರೆದು ಎಡಿಟರ್‌ಗಳನ್ನೆಲ್ಲಾ ವ್ಯೂವರ್ ಮಾಡಿ, ತೆರೆದ ಲಿಂಕ್‌ಗಳನ್ನು ಮುಚ್ಚಿ. ಇದನ್ನು ಯಾರು ಮಾಡಬೇಕು ಅಂತಲೂ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಯಾರೂ ಮಾಡುವುದಿಲ್ಲ.