ಏಳನೇ ಕ್ಲಾಸಿನವರ ಕೈಗೆ ಯಾವ ಕಾದಂಬರಿ?

ನಮ್ಮದು ಗುಬ್ಬಿ ಕಡೆಯ ಪಂಚಾಯ್ತಿ ಲೈಬ್ರರಿ. ‘ಯಾವ್ದಾದ್ರೂ ಕೊಡಿ ಮೇಡಂ’ ಅಂತ ಹುಡುಗರು ಬಂದರೆ ತಕ್ಷಣ ಪುಸ್ತಕದ ಹೆಸರು ಹೇಳಬೇಡಿ. ಅವರಿಗೇನು ಹುಚ್ಚು ಅಂತ ನೋಡಿ. ಬೇಲಿ ಮೇಲಿನ ಓತಿಕ್ಯಾತಕ್ಕೆ ಕಲ್ಲು ಬೀರುತ್ತಿದ್ದವನೊಬ್ಬನಿಗೆ ತೇಜಸ್ವಿಯವರ ‘ಕರ್ವಾಲೊ’ (1980) ತೋರಿಸಿದೆ. ಇದರಲ್ಲಿ ಹಾರುವ ಓತಿ ಇದೆ ಕಣೋ ಅಂದಿದ್ದೇ ತಡ, ಕಲ್ಲು ಕೆಳಗೆ ಬಿತ್ತು. ಆದರೆ ಓತಿ ಸಿಗೋದು ನಿಧಾನ. ಅದಕ್ಕೇ ಮೊದಲ ಪುಟಗಳನ್ನು ನಾನೇ ಗಟ್ಟಿಯಾಗಿ ಓದಿ, ಜೇನಿನ ಮಾತು ರಂಗೇರುವಾಗ ಪಟ್ಟಂತ ಮುಚ್ಚಿಬಿಟ್ಟೆ. ಸಂಜೆ ಬೀಗ ಹಾಕುವ ಹೊತ್ತಿಗೆ ಬಂದು ಒಯ್ದ.

ಇನ್ನೂ ಚಿಕ್ಕವರಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ, ಮಕ್ಕಳಿಗೆ ಮಾತ್ರ ಹೇಳಬೇಡಿ. ಪಾಠ ಅಂದುಕೊಂಡು ಓಡ್ತಾರೆ. ರುಚಿಸದಿದ್ದರೆ ವಾಪಸ್ ತಗೊಳ್ಳಿ, ಸಾರಾಂಶ ಕೇಳಬೇಡಿ.