ಗಿರಾಕಿ ಕದ ತಟ್ಟಿದರೆ ಒಳಗಿಂದ ದನಿ ಬರಬೇಕು

ಗಿರಾಕಿಗೆ ವಸ್ತು ಹಿಡಿಸಿದೆ. ಬೆಲೆಯೂ ಸರಿ ಅನಿಸಿದೆ. ಹಣ ಕಟ್ಟುವ ಬಟನ್ ಹತ್ತಿರ ಹೋದ ಬೆರಳು ಅಲ್ಲೇ ನಿಲ್ಲುತ್ತದೆ. ‘ನಾಳೆ ಏನಾದರೂ ಎಡವಟ್ಟಾದರೆ ಯಾರನ್ನು ಹಿಡಿಯೋದು?’ ಪುಟದ ಬುಡಕ್ಕೆ ಇಳಿದು ‘ಸಂಪರ್ಕಿಸಿ’ ಒತ್ತುತ್ತಾರೆ. ಅಲ್ಲಿ ಮೂರು ಖಾಲಿ ಚೌಕ: ಹೆಸರು, ಇಮೇಲ್, ಸಂದೇಶ. ಫೋನ್ ನಂಬರ್ ಇಲ್ಲ, ವಿಳಾಸ ಇಲ್ಲ, ಒಬ್ಬ ಮನುಷ್ಯರ ಹೆಸರೂ ಇಲ್ಲ. ಗಿರಾಕಿ ಅಲ್ಲಿಂದಲೇ ವಾಪಸ್. ಅವರು ಬಂದದ್ದೂ ವ್ಯಾಪಾರಿಗೆ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ.

ದೊಡ್ಡ ಕಂಪನಿಗೆ ಹೆಸರೇ ಜಾಮೀನು. ಸಣ್ಣ ವ್ಯಾಪಾರಕ್ಕೆ ವೆಬ್‌ಸೈಟಿನ ಸಂಪರ್ಕ ಪುಟವೇ ಜಾಮೀನು ನಿಲ್ಲಬೇಕು. ಆದರೂ ಮುಖಪುಟಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ನಾವು ಇದನ್ನು ಕೊನೆಯ ದಿನ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ನಾನೂ ಹಾಗೇ ಮಾಡಿ ಪೆಟ್ಟು ತಿಂದಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಮೊದಲು: ಫೋನ್ ಎತ್ತುವವರು ಯಾರು?

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೋನ್ ಯಾರು ಎತ್ತುತ್ತಾರೆ? ಇಮೇಲ್ ಯಾರು ಓದುತ್ತಾರೆ? ಯಾವ ಹೊತ್ತಿನಲ್ಲಿ? ಉತ್ತರ ಸಿಗದ ದಾರಿಯನ್ನು ಪುಟದಲ್ಲಿ ಹಾಕಲೇಬೇಡಿ. ಫೋನ್, ವಾಟ್ಸ್‌ಆ್ಯಪ್, ಇಮೇಲ್, ಫೇಸ್‌ಬುಕ್, ಚಾಟ್ ಎಂದು ಐದು ಕದ ತೆರೆದು ನಾಲ್ಕರ ಹಿಂದೆ ಯಾರೂ ಇಲ್ಲದಿದ್ದರೆ, ಗಿರಾಕಿ ತಟ್ಟುವುದು ಆ ನಾಲ್ಕರಲ್ಲಿ ಒಂದನ್ನೇ. ಎರಡೇ ದಾರಿ ಇರಲಿ, ಎರಡೂ ನಡೆಯುವಂತಿರಲಿ.

ಎರಡನೆಯದು: ಹೆಸರು, ವಿಳಾಸ, ನಂಬರ್

ಅಂಗಡಿಗೆ ಒಂದು ಹೆಸರು, ನೋಂದಣಿಯಲ್ಲಿ ಇನ್ನೊಂದು ಹೆಸರು ಇರುವುದು ಮಾಮೂಲಿ. ತೊಂದರೆ ಬರುವುದು ಹಣ ಕಟ್ಟುವಾಗ. ಅಷ್ಟು ಹೊತ್ತು ಒಂದು ಹೆಸರು ನೋಡಿದವರಿಗೆ ಪಾವತಿಯ ತೆರೆಯ ಮೇಲೆ ಗೊತ್ತೇ ಇಲ್ಲದ ಹೆಸರು ಕಂಡರೆ ಎದೆ ಧಸಕ್ ಅನ್ನುತ್ತದೆ. ಸಂಪರ್ಕ ಪುಟದಲ್ಲಿ ಎರಡನ್ನೂ ಹಾಕಿ, ಸಂಬಂಧ ಹೇಳಿ: ‘ಹಣ ಕಟ್ಟುವಾಗ ಈ ಹೆಸರು ಕಾಣುತ್ತದೆ, ಅದು ನಮ್ಮದೇ.’ ಒಂದು ಸಾಲಿನ ಕೆಲಸ.

ವಿಳಾಸ ಪೂರ್ತಿ ಕೊಡಿ, ಪಿನ್ ಕೋಡ್ ಸಮೇತ. ಮ್ಯಾಪ್ ಹಾಕಿದರೆ ಗುರುತು ಸರಿಯಾದ ಕಟ್ಟಡದ ಮೇಲೆ ಕೂತಿದೆಯೇ ನೋಡಿ. ನಿಮ್ಮದು ಗಿರಾಕಿಗಳು ಬಂದು ಹೋಗುವ ಜಾಗ ಅಲ್ಲ ಅಂದರೆ ಅದನ್ನೂ ಮುಚ್ಚಿಡಬೇಡಿ. ‘ಮನೆಯಿಂದಲೇ ಕೆಲಸ ಮಾಡುತ್ತೇವೆ, ಬರುವ ಮೊದಲು ಫೋನ್ ಮಾಡಿ’ ಅಂದರೆ ಯಾರೂ ಕೀಳಾಗಿ ನೋಡುವುದಿಲ್ಲ. ಇಲ್ಲದ ಆಫೀಸನ್ನು ಇದೆ ಅಂದು ಸಿಕ್ಕಿಬಿದ್ದರೆ ಮಾತ್ರ ಹೋದ ಮಾನ ವಾಪಸ್ ಬರುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಂತೂ ಆನ್‌ಲೈನ್ ವ್ಯಾಪಾರಿ ತನ್ನ ಹೆಸರು, ವಿಳಾಸ, ಇಮೇಲ್ ತೋರಿಸಲೇಬೇಕು ಎಂದು 2000ರಲ್ಲೇ ನಿಯಮ ಬಂದಿದೆ.

ಫೋನ್ ನಂಬರನ್ನು ಚಿತ್ರದೊಳಗೆ ಹಾಕಬೇಡಿ, ಅಕ್ಷರವಾಗಿಯೇ ಇರಲಿ. ಬೆರಳಿಟ್ಟರೆ ಕರೆ ಹೋಗಬೇಕು. ಇದಕ್ಕೆ ‘ಟೆಲ್’ ಲಿಂಕ್ ಅನ್ನುತ್ತಾರೆ, ಸೈಟ್ ಮಾಡಿಕೊಟ್ಟವರಿಗೆ ಒಂದು ನಿಮಿಷದ ಕೆಲಸ. ನಂಬರಿನ ಮುಂದೆ ಪ್ಲಸ್ ಗುರುತು, ದೇಶದ ಕೋಡ್ ಇದ್ದರೆ ಎಲ್ಲಿಂದ ಒತ್ತಿದರೂ ಸರಿಯಾದ ಜಾಗಕ್ಕೇ ಹೋಗುತ್ತದೆ. ವಾಟ್ಸ್‌ಆ್ಯಪ್ ಲಿಂಕ್‌ನಲ್ಲಿ ಸ್ವಲ್ಪ ಬೇರೆ: ದೇಶದ ಕೋಡ್ ಬೇಕು, ಪ್ಲಸ್ ಬೇಡ, ಮೊದಲ ಸೊನ್ನೆಯೂ ಬೇಡ. ಇಷ್ಟು ಚಿಕ್ಕ ತಪ್ಪಿಗೆ ಕೆಲಸ ಮಾಡದೆ ನಿಂತ ಲಿಂಕ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಇಮೇಲ್ ನಿಮ್ಮ ಸೈಟಿನ ಹೆಸರಲ್ಲೇ ಇರಲಿ. ಉಚಿತ ಇಮೇಲ್ ವಿಳಾಸವನ್ನು ನಿಮ್ಮ ಅಂಗಡಿಯ ಹೆಸರಲ್ಲಿ ಯಾರು ಬೇಕಾದರೂ ತೆರೆಯಬಹುದು, ಅಲ್ವಾ?

ಮೂರನೆಯದು: ಹೊತ್ತು ಹೇಳಿ

‘ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸಲಾಗುವುದು’ ಎಂಬ ಸಾಲು ಎಲ್ಲ ಸೈಟಿನಲ್ಲೂ ಇದೆ. ಸಂಪರ್ಕಿಸುವವರು ಯಾರು, ಶೀಘ್ರ ಅಂದರೆ ಎಷ್ಟು ಹೊತ್ತು, ಒಂದೂ ಅದರಲ್ಲಿಲ್ಲ. ಅದನ್ನು ಅಳಿಸಿ ಹೀಗೆ ಬರೆದು ನೋಡಿ: ‘ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಫೋನ್ ಎತ್ತುತ್ತೇವೆ. ಇಮೇಲ್‌ಗೆ ಮಾರನೇ ಕೆಲಸದ ದಿನ ಸಂಜೆಯೊಳಗೆ ಉತ್ತರಿಸುತ್ತೇವೆ. ಭಾನುವಾರ ರಜೆ.’ ಓದಿದವರಿಗೆ ಒಳಗೆ ಜನ ಇದ್ದಾರೆ ಅನಿಸುತ್ತದೆ. ರಜೆ ಹೇಳಿದರೆ ಗಿರಾಕಿ ಹೋಗಿಬಿಡುತ್ತಾರೆ ಎಂಬ ಭಯ ಬೇಡ. ಭಾನುವಾರ ನಾಲ್ಕು ಸಲ ಫೋನ್ ಮಾಡಿ ಯಾರೂ ಎತ್ತದಿದ್ದರೆ ಮಾತ್ರ ಹೋಗುತ್ತಾರೆ.

ನಾಲ್ಕನೆಯದು: ಫಾರ್ಮ್

ಫಾರ್ಮ್‌ನಲ್ಲಿ ಉತ್ತರ ಕೊಡಲು ಬೇಕಾದಷ್ಟನ್ನೇ ಕೇಳಿ. ಹೆಸರು, ಇಮೇಲ್ ಅಥವಾ ಫೋನ್, ವಿಷಯ. ಆರ್ಡರ್ ನಂಬರಿಗೆ ಒಂದು ಚೌಕ ಇರಲಿ, ಆದರೆ ಕಡ್ಡಾಯ ಮಾಡಬೇಡಿ. ಹುಟ್ಟಿದ ದಿನಾಂಕ ಕೇಳುವ ಫಾರ್ಮ್‌ಗಳೂ ಇವೆ, ಯಾಕೆ ಅಂತ ಆ ದೇವರಿಗೇ ಗೊತ್ತು. ಯಾವ ಚೌಕ ಯಾವುದಕ್ಕೆ ಎಂಬ ಮಾತು ಚೌಕದ ಮೇಲಿರಲಿ. ಒಳಗೆ ತಿಳಿ ಬಣ್ಣದಲ್ಲಿ ಬರೆದರೆ ಟೈಪ್ ಮಾಡಲು ಶುರು ಮಾಡುತ್ತಿದ್ದಂತೆ ಮಾಯವಾಗುತ್ತದೆ.

ಈಗ ನನ್ನ ಕಥೆ. ನನ್ನ ಸೈಟಿನ ಫಾರ್ಮ್ ತುಂಬಿದರೆ ‘ಧನ್ಯವಾದ, ಸಂದೇಶ ತಲುಪಿದೆ’ ಎಂದು ಹಸಿರು ಪಟ್ಟಿ ಬರುತ್ತಿತ್ತು. ಯಾರೂ ಬರೆಯುತ್ತಿಲ್ಲವಲ್ಲ, ವ್ಯಾಪಾರ ಡಲ್ ಇರಬೇಕು ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ ಸ್ಪ್ಯಾಮ್ ಫೋಲ್ಡರ್ ತೆರೆದರೆ ಎಲ್ಲ ಅಲ್ಲಿ ಬಿದ್ದಿವೆ. ಒಬ್ಬರೇ ಮೂರು ಸಲ ಬರೆದಿದ್ದರು. ಮೊದಲನೆಯದು ಅಳತೆಯ ಬಗ್ಗೆ ಪ್ರಶ್ನೆ. ಎರಡನೆಯದು, ‘ಉತ್ತರ ಬರಲಿಲ್ಲ.’ ಮೂರನೆಯದು, ‘ಬೇಡ ಬಿಡಿ, ಬೇರೆ ಕಡೆ ತಗೊಂಡೆ.’ ಆ ಮೂರೂ ಸಲ ಅವರಿಗೆ ಹಸಿರು ಪಟ್ಟಿ ಬಂದಿತ್ತು.

ಕಾರಣ ಇಷ್ಟೇ. ಫಾರ್ಮ್ ಸಂದೇಶವನ್ನು ಗಿರಾಕಿಯ ಇಮೇಲ್ ವಿಳಾಸದಿಂದಲೇ ಬಂದಂತೆ ಕಳುಹಿಸುತ್ತಿತ್ತು. ಗಿರಾಕಿಯದು ಜಿಮೇಲ್, ಕಳುಹಿಸುತ್ತಿದ್ದದ್ದು ನನ್ನ ಸೈಟಿನ ಸರ್ವರ್. ಸಂದೇಶ ಪಡೆಯುವ ಮೇಲ್ ಸೇವೆ ನೋಡುತ್ತದೆ: ಜಿಮೇಲ್ ಹೆಸರಲ್ಲಿ ಕಳುಹಿಸಲು ಈ ಸರ್ವರ್‌ಗೆ ಯಾರು ಅನುಮತಿ ಕೊಟ್ಟರು? ಮೋಸದ ಮೇಲ್ ಅಂದುಕೊಂಡು ಸ್ಪ್ಯಾಮ್‌ಗೆ ತಳ್ಳುತ್ತದೆ, ಕೆಲವೊಮ್ಮೆ ಒಳಗೇ ಬಿಡುವುದಿಲ್ಲ. ಸರಿ ಮಾಡುವುದು ಹೀಗೆ: ‘ಇಂದ’ (From) ಎಂಬಲ್ಲಿ ನಿಮ್ಮ ಸೈಟಿನ ಇಮೇಲ್ ವಿಳಾಸ ಇರಲಿ, ‘ಉತ್ತರ ಇವರಿಗೆ’ (Reply-To) ಎಂಬಲ್ಲಿ ಗಿರಾಕಿಯದು ಇರಲಿ. ಜೊತೆಗೆ ನಿಮ್ಮ ಡೊಮೈನ್‌ಗೆ, ಅಂದರೆ ಸೈಟಿನ ಹೆಸರಿಗೆ, ಎಸ್‌ಪಿಎಫ್ (SPF), ಡಿಕಿಮ್ (DKIM) ಹಾಕಿಸಿ. ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳುಹಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ಮೇಲ್ ಮೇಲೆ ಬೀಳುವ ಸಹಿ ಡಿಕಿಮ್. ಪ್ರತಿ ಸಂದೇಶದ ಒಂದು ಪ್ರತಿ ಸೈಟಿನಲ್ಲೂ ಉಳಿಯುವಂತೆ ಮಾಡಿಸಿದರೆ, ಮೇಲ್ ಕೈಕೊಟ್ಟರೂ ಮಾತು ಕಳೆದುಹೋಗುವುದಿಲ್ಲ.

ಹಸಿರು ಪಟ್ಟಿಯ ಮಾತನ್ನೂ ಬದಲಿಸಿ. ನಾನು ಈಗ ಇಟ್ಟಿರುವುದು: ‘ನಾಳೆ ಸಂಜೆಯೊಳಗೆ ಉತ್ತರ ಬರದಿದ್ದರೆ ಈ ನಂಬರಿಗೆ ಫೋನ್ ಮಾಡಿ.’ ಪುಣ್ಯಕ್ಕೆ ಫೋನ್ ಜಾಸ್ತಿ ಬಂದಿಲ್ಲ.

ಸ್ಪ್ಯಾಮ್ ತಡೆಯಲು ವಕ್ರ ಅಕ್ಷರದ ಒಗಟು ಇಡಬೇಕೆಂದೇನಿಲ್ಲ. ಮನುಷ್ಯರಿಗೆ ಕಾಣದ ಒಂದು ಚೌಕ ಇಟ್ಟರೆ, ತಾವಾಗಿಯೇ ಫಾರ್ಮ್ ತುಂಬುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು, ಅದನ್ನೂ ತುಂಬಿ ಸಿಕ್ಕಿಬೀಳುತ್ತವೆ. ಸಣ್ಣ ಸೈಟಿಗೆ ಬಹುತೇಕ ಅಷ್ಟು ಸಾಕು.

ಐದನೆಯದು: ಬೀಗ ಮತ್ತು ಫೋಟೊ

ಸೈಟ್ ಎಚ್‌ಟಿಟಿಪಿಎಸ್‌ನಲ್ಲಿ ಇರಲೇಬೇಕು, ಅಂದರೆ ಅದರ ವಿಳಾಸ https:// ಎಂದು ಶುರುವಾಗಬೇಕು. ಅದಿಲ್ಲದ ಎಲ್ಲ ಸೈಟಿಗೂ ಕ್ರೋಮ್ 2018ರ ಜುಲೈನಿಂದ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಅಂಟಿಸುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯದು ಉಚಿತ. ಆದರೆ ವಿಳಾಸದ ಪಕ್ಕ ಬೀಗದ ಚಿತ್ರ ಇದೆ, ನಂಬಿ ಎನ್ನುವ ಹಾಗಿಲ್ಲ. ಮೋಸದ ಸೈಟುಗಳಲ್ಲೂ ಬೀಗ ಇರುತ್ತದೆ. ಅದು ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂದಷ್ಟೇ. ಅದಕ್ಕೇ 2023ರಲ್ಲಿ ಕ್ರೋಮ್ ಬೀಗದ ಚಿತ್ರವನ್ನೇ ತೆಗೆದುಹಾಕಿತು.

ಫೋಟೊ ಹಾಕುವುದಾದರೆ ನಿಮ್ಮದೇ ಹಾಕಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಗುವ ಆ ಹುಡುಗಿಯನ್ನು ಎಲ್ಲರೂ ನೂರು ಸೈಟಿನಲ್ಲಿ ನೋಡಿದ್ದಾರೆ. ಕೆಲಸದ ಮೇಜಿನ ಮುಂದೆ ಮೊಬೈಲ್‌ನಲ್ಲಿ ತೆಗೆದ ಫೋಟೊ, ಕೆಳಗೆ ‘ಫೋನ್ ಎತ್ತುವುದು ನಾನೇ’ ಎಂದು ಹೆಸರು. ಬೆಳಕು ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ.

ಕೊನೆಗೆ: ಕದ ನೀವೇ ತಟ್ಟಿ ನೋಡಿ

ಪುಟದಲ್ಲಿರುವ ನಂಬರ್, ವಿಳಾಸ, ಸಮಯವೇ ಗೂಗಲ್ ಮ್ಯಾಪ್‌ನಲ್ಲೂ ಫೇಸ್‌ಬುಕ್‌ನಲ್ಲೂ ಬಿಲ್ಲಿನ ತಲೆಯಲ್ಲೂ ಇರಬೇಕು. ಹಳೇ ನಂಬರ್ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ, ಹುಡುಕಿ.

ಆಮೇಲೆ ತಿಂಗಳಿಗೊಮ್ಮೆ ಬೇರೆಯವರ ಮೊಬೈಲ್ ಇಸಿದುಕೊಂಡು ಸೈಟ್ ತೆರೆಯಿರಿ. ನಂಬರ್ ಒತ್ತಿ. ಫಾರ್ಮ್ ತುಂಬಿ, ಅವರ ಇಮೇಲ್‌ನಿಂದಲೇ. ಅಂಗಡಿಯಲ್ಲಿ ಯಾರಿಗೂ ಹೇಳಬೇಡಿ. ಎಷ್ಟು ಹೊತ್ತಿಗೆ, ಯಾವ ದನಿಯಲ್ಲಿ ಉತ್ತರ ಬರುತ್ತದೆ ಎಂದು ಕಾಯುತ್ತಾ ಕೂತುಕೊಳ್ಳಿ.